ಲೆಕ್ಕ ಒಪ್ಪಿಸದ ಅರಸ

ಕ್ರಿಸ್ತಪೂರ್ವ 472ರ ವಸಂತದಲ್ಲಿ ಅಥೆನ್ಸ್ ನಗರದ ಜನ ಡಯೊನೈಸಸ್ ದೇವತೆಯ ಉತ್ಸವಕ್ಕಾಗಿ ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ನೆರೆದಿದ್ದರು. ಅವರ ಬೆನ್ನ ಹಿಂದೆ, ಗುಡ್ಡದ ನೆತ್ತಿಯ ಮೇಲೆ, ಸುಟ್ಟ ದೇವಾಲಯಗಳ ಪಾಳು ಇನ್ನೂ ಹಾಗೆಯೇ ಬಿದ್ದಿತ್ತು. ಎಂಟು ವರ್ಷಗಳ ಹಿಂದೆ, ಕ್ರಿ.ಪೂ. 480ರಲ್ಲಿ, ಪಾರಸಿಕರ ಚಕ್ರವರ್ತಿ ಕ್ಸರ್ಕ್ಸಿಸನ ಸೈನ್ಯ ಊರನ್ನು ಹಿಡಿದು ಹಚ್ಚಿದ ಬೆಂಕಿಯ ಗುರುತು ಅದು. ಇಂದು ನಾವು ಚಿತ್ರಪಟಗಳಲ್ಲಿ ನೋಡುವ ಪಾರ್ಥೆನಾನ್ ಮಂದಿರದ ಕೆಲಸ ಮೊದಲಾಗುವುದು ಇನ್ನೂ ಕಾಲು ಶತಮಾನದ ಮೇಲೆ, 447ರಲ್ಲಿ. ಆ ಇಳಿಜಾರಿನಲ್ಲಿ ಕುಳಿತಿದ್ದವರಲ್ಲಿ ಸಲಾಮಿಸ್ ಕೊಲ್ಲಿಯಲ್ಲಿ ಹುಟ್ಟುಹಾಕಿ ಹಡಗು ನಡೆಸಿದವರು, ಮಗನನ್ನೋ ಅಣ್ಣನನ್ನೋ ಯುದ್ಧದಲ್ಲಿ ಕಳೆದುಕೊಂಡವರು ಎಷ್ಟೋ ಮಂದಿ ಇದ್ದಿರಬೇಕು. ಅವರ ಎದುರಿಗೆ ಅಂದು ರಂಗಕ್ಕೆ ಬಂದವರು ಗ್ರೀಕ್ ವೀರರಲ್ಲ. ಪಾರಸಿಕರ ಉಡುಪು ತೊಟ್ಟ ಮುದುಕರು. ಸ್ಥಳ ವೈರಿಯ ರಾಜಧಾನಿ ಸೂಸ. ಯುದ್ಧಕ್ಕೆ ಹೋದ ಮಕ್ಕಳ ಸುದ್ದಿ ಬಾರದೆ ಕಳವಳಗೊಂಡ ಆಸ್ಥಾನದ ಹಿರಿಯರು ಅವರು.

ನಾಟಕ ‘ಪಾರಸಿಕರು’, ಕವಿ ಈಸ್ಕಿಲಸ್. ಉಳಿದು ಬಂದಿರುವ ಗ್ರೀಕ್ ರುದ್ರನಾಟಕಗಳಲ್ಲಿ ಪುರಾಣವನ್ನು ಬಿಟ್ಟು ತನ್ನ ಕಾಲದ ಇತಿಹಾಸವನ್ನೇ ವಸ್ತುವಾಗಿ ಮಾಡಿಕೊಂಡದ್ದು ಇದೊಂದೇ. ಕನ್ನಡಿಗರಿಗೆ ಇದು ಪರಕೀಯವಲ್ಲ. ಬಿ. ಎಂ. ಶ್ರೀಕಂಠಯ್ಯನವರು ಇದನ್ನು ಇದೇ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ಸೊಫೋಕ್ಲಿಸನ ನಾಟಕವೊಂದಕ್ಕೆ ಮಹಾಭಾರತದ ಉಡುಗೆ ತೊಡಿಸಿ ‘ಅಶ್ವತ್ಥಾಮನ್’ ಮಾಡಿದ ಅವರು, ಪಾರಸಿಕರನ್ನು ಮಾತ್ರ ಪಾರಸಿಕರಾಗಿಯೇ ಉಳಿಸಿದರು. ಅದು ಉಚಿತವೇ ಆಯಿತೆಂದು ನನಗೆ ತೋರುತ್ತದೆ. ಈ ಕೃತಿಯ ಪ್ರಾಣವಿರುವುದು ಕಥೆಯಲ್ಲಿ ಅಲ್ಲ, ಎರಡು ರಾಜ್ಯವ್ಯವಸ್ಥೆಗಳು ಮುಖಾಮುಖಿಯಾಗುವ ಒಂದು ಗಳಿಗೆಯಲ್ಲಿ. ಆ ಗಳಿಗೆಯನ್ನು ಹಸ್ತಿನಾವತಿಗೆ ಸಾಗಿಸುವುದು ಸುಲಭವಲ್ಲ.

ಕಥೆ ಎಂಬಷ್ಟು ಕಥೆ ಇಲ್ಲಿಲ್ಲ. ರಾಜಮಾತೆ ಅಟೋಸ್ಸ ಕನಸು ಕಂಡು ಬೆದರಿ ಬರುತ್ತಾಳೆ. ಅವಳ ಮಗ ಇಬ್ಬರು ಹೆಂಗಸರನ್ನು, ಒಬ್ಬಳು ಪಾರಸಿಕ ವೇಷದವಳು, ಇನ್ನೊಬ್ಬಳು ಗ್ರೀಕ್ ವೇಷದವಳು, ತನ್ನ ರಥದ ನೊಗಕ್ಕೆ ಕಟ್ಟಿದ್ದಾನೆ. ಮೊದಲನೆಯವಳು ಆ ಕಟ್ಟಿಗೆ ಹೆಮ್ಮೆಯಿಂದ ಕೊರಳೊಡ್ಡುತ್ತಾಳೆ. ಎರಡನೆಯವಳು ನೊಗವನ್ನು ಮುರಿದು ಅವನನ್ನು ನೆಲಕ್ಕೆ ಕೆಡಹುತ್ತಾಳೆ. ಕನಸನ್ನು ಹೇಳಿ ಮುಗಿಸುವಾಗ ತಾಯಿ ತನಗೆ ತಾನೇ ಸಮಾಧಾನ ಮಾಡಿಕೊಳ್ಳುವಂತೆ ಒಂದು ಮಾತು ಸೇರಿಸುತ್ತಾಳೆ: ಮಗ ಗೆದ್ದರೆ ಲೋಕ ಬೆರಗಾಗುತ್ತದೆ, ಸೋತರೂ ಅವನು ನಾಡಿಗೆ ಲೆಕ್ಕ ಒಪ್ಪಿಸಬೇಕಾದವನಲ್ಲ, ಜೀವಸಹಿತ ಮರಳಿದರೆ ಆಳುವವನು ಅವನೇ.

ಈ ಮಾತನ್ನು ನಾವು ಇಂದು ಓದುವಾಗ ಥಟ್ಟನೆ ದಾಟಿಬಿಡುತ್ತೇವೆ. ಅಥೆನ್ಸಿನವರು ದಾಟಿರಲಾರರು. ಅಟೋಸ್ಸಳ ಬಾಯಲ್ಲಿ ಕವಿ ಇಟ್ಟಿರುವ ಶಬ್ದ ಅವರ ಊರಿನ ಕಚೇರಿಯ ಶಬ್ದ. ಅಲ್ಲಿ ಅಧಿಕಾರಿಯಾದವನು ಅವಧಿ ಮುಗಿದ ಮೇಲೆ ತನ್ನ ಕೈಯಲ್ಲಿ ಹಾದುಹೋದ ಹಣಕ್ಕೂ ಮಾಡಿದ ಕೆಲಸಕ್ಕೂ ಪೌರರ ಮುಂದೆ ಲೆಕ್ಕ ಕೊಡಬೇಕು; ಯಾರು ಬೇಕಾದರೂ ಎದ್ದು ದೂರಬಹುದು. ಅದರ ಹೆಸರು ‘ಎವುಥೂನ’. ಡೊಂಕನ್ನು ನೆಟ್ಟಗೆ ಮಾಡುವುದು ಎಂಬುದು ಅದರ ಮೂಲಾರ್ಥ. ಆ ವಿಚಾರಣೆಗೆ ಒಳಪಡದವನು ಎಂದು ಅಟೋಸ್ಸ ಮಗನನ್ನು ಬಣ್ಣಿಸುವಾಗ ತಾಯಿಯ ಹೃದಯಕ್ಕೆ ಅದು ಸಮಾಧಾನ. ಕೇಳುತ್ತಿದ್ದ ಸಭೆಗೆ ಅದೇ ರೋಗದ ಹೆಸರು. ಒಂದೇ ಮಾತು ಎರಡು ಕಿವಿಗಳಲ್ಲಿ ಎರಡು ಅರ್ಥ ಪಡೆಯುವ ಇಂಥ ಕಡೆಯೇ ಈಸ್ಕಿಲಸನ ಶಕ್ತಿ ಇರುವುದು.

ಸ್ವಲ್ಪ ಮುಂದೆ ಅವಳು ಅಥೆನ್ಸ್ ಎಲ್ಲಿದೆ, ಅವರ ಸಂಪತ್ತೇನು ಎಂದು ವಿಚಾರಿಸುತ್ತಾಳೆ. ನೆಲದೊಳಗೆ ಬೆಳ್ಳಿಯ ಬುಗ್ಗೆಯಿದೆ ಎಂದು ಉತ್ತರ ಬರುತ್ತದೆ. ಅವರ ಒಡೆಯ ಯಾರು, ಸೈನ್ಯವನ್ನು ಆಳುವವನು ಯಾರು ಎಂದು ಕೇಳುತ್ತಾಳೆ. ಅವರು ಯಾರ ಆಳುಗಳೂ ಅಲ್ಲ, ಯಾರ ಪ್ರಜೆಗಳೂ ಅಲ್ಲ ಎಂಬುದು ಮೇಳದ ಉತ್ತರ. ಹಾಗಾದರೆ ಮೇಲೆ ಬಿದ್ದ ವೈರಿಯನ್ನು ಅವರು ಎದುರಿಸುವುದಾದರೂ ಹೇಗೆಂದು ರಾಣಿ ಬೆರಗಾಗುತ್ತಾಳೆ. ಒಡೆಯನಿಲ್ಲದ ಸೈನ್ಯ ನಿಲ್ಲುತ್ತದೆ ಎಂಬುದು ಅವಳ ಕಲ್ಪನೆಗೆ ಹತ್ತದ ಸಂಗತಿ.

ಬೆಳ್ಳಿಯ ಮಾತು ಅಲಂಕಾರವಲ್ಲ, ಇತಿಹಾಸ. ಕ್ರಿ.ಪೂ. 483ರ ಸುಮಾರಿಗೆ ಲಾರಿಯಂ ಗಣಿಯಲ್ಲಿ ಸಮೃದ್ಧವಾದ ಬೆಳ್ಳಿ ದೊರೆಯಿತು. ತಲೆಗೆ ಹತ್ತು ದ್ರಾಖ್ಮದಂತೆ ಹಂಚಿಕೊಳ್ಳೋಣವೆಂದು ಊರಿನವರು ಯೋಚಿಸುತ್ತಿದ್ದಾಗ ಥೆಮಿಸ್ಟೊಕ್ಲಿಸ್ ಎಂಬ ನಾಯಕ ಎದ್ದು, ಹಂಚುವುದು ಬೇಡ, ಹಡಗು ಕಟ್ಟೋಣ ಎಂದ. ಕೈಗೆ ಬರುವ ಹಣವನ್ನು ಬಿಡಿರೆಂದು ಜನರಿಗೆ ಹೇಳಿ, ಅವರನ್ನು ಒಪ್ಪಿಸಿ, ಅವರಿಂದಲೇ ಕೈಯೆತ್ತಿಸಿದ್ದು ಸಾಮಾನ್ಯ ಸಾಧನೆಯಲ್ಲ. ಪಾರಸಿಕರ ಹೆಸರು ಹೇಳಿದರೆ ಯಾರೂ ಬೆದರುತ್ತಿರಲಿಲ್ಲವಾಗಿ ಅವನು ಪಕ್ಕದ ಈಜಿನ ದ್ವೀಪದ ಜಗಳವನ್ನು ಮುಂದೊಡ್ಡಿದನಂತೆ. ಅಷ್ಟು ಚಾತುರ್ಯ ಅವನಲ್ಲಿತ್ತು. ಆ ಹಡಗುಗಳೇ ಮೂರು ವರ್ಷಗಳ ಮೇಲೆ ಸಲಾಮಿಸಿನಲ್ಲಿ ನಿಂತದ್ದು. ಒಂದೊಂದು ಹಡಗಿಗೆ ಸುಮಾರು 170 ಜನ ಹುಟ್ಟುಹಾಕುವವರು ಬೇಕು. ಅವರಲ್ಲಿ ಬಹುಮಂದಿ ಕವಚ ಕೊಳ್ಳುವ ಶಕ್ತಿಯಿಲ್ಲದ ಬಡ ಪೌರರು. ಊರನ್ನು ಉಳಿಸಿದವರು ಅವರಾದ್ದರಿಂದ ಊರಿನ ಆಡಳಿತದಲ್ಲಿ ಅವರ ದನಿಯೂ ಮೇಲೆದ್ದಿತು.

ಇಷ್ಟಾಗಿಯೂ ನಾಟಕದಲ್ಲಿ ಥೆಮಿಸ್ಟೊಕ್ಲಿಸನ ಹೆಸರಿಲ್ಲ. ಯಾವ ಗ್ರೀಕನ ಹೆಸರೂ ಇಲ್ಲ! ಸತ್ತ ಪಾರಸಿಕ ಸರದಾರರ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ದೂತ ಸಲಾಮಿಸಿನ ಕಾಳಗವನ್ನು ವರ್ಣಿಸುವಾಗ ಹಡಗುಗಳ ಸಂಖ್ಯೆ ಹೇಳುತ್ತಾನೆ, ಕ್ಸರ್ಕ್ಸಿಸನನ್ನು ಮೋಸಗೊಳಿಸಿದ ಗುಪ್ತ ಸಂದೇಶದ ಪ್ರಸಂಗ ಹೇಳುತ್ತಾನೆ, ಆದರೆ ಸಂದೇಶ ತಂದವನು ಬರಿದೆ ಒಬ್ಬ ಗ್ರೀಕ. ಗೆದ್ದವರೆಲ್ಲ ಹೆಸರಿಲ್ಲದವರು, ಗೆದ್ದದ್ದು ಊರು. ಬರೆದ ಕವಿಯೂ ಕ್ರಿ.ಪೂ. 490ರಲ್ಲಿ ಮ್ಯಾರಥಾನಿನಲ್ಲಿ ಕಾದಿದವನು, ಅಲ್ಲಿ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಕಳೆದುಕೊಂಡವನು. ತನ್ನ ಪಾಲಿನ ಬಡಾಯಿಯೂ ಅವನಿಗೆ ಬೇಕಾಗಲಿಲ್ಲ.

ಅಥೆನ್ಸ್ ತನ್ನ ನಾಯಕರನ್ನು ನಡೆಸಿಕೊಂಡ ರೀತಿ ಯಾವಾಗಲೂ ಚೆನ್ನಾಗಿತ್ತೆಂದು ಹೇಳಲಾರೆ. ಮ್ಯಾರಥಾನಿನ ವಿಜಯಿ ಮಿಲ್ಟಿಯಾಡಿಸ್ ಮರುವರ್ಷವೇ ಪಾರೋಸ್ ದ್ವೀಪದ ಮೇಲೆ ಹೋಗಿ ಸೋತು ಬಂದಾಗ ಅವನಿಗೆ ಐವತ್ತು ಟ್ಯಾಲೆಂಟುಗಳ ದಂಡ ವಿಧಿಸಿದರು. ತೊಡೆಯ ಗಾಯ ಕೊಳೆತು ಅವನು ಸತ್ತ, ದಂಡವನ್ನು ಮಗ ತೆತ್ತ. ಥೆಮಿಸ್ಟೊಕ್ಲಿಸನನ್ನು ಈ ನಾಟಕ ಆಡಿದ ಕಾಲಕ್ಕೇ, ಒಂದೆರಡು ವರ್ಷ ಹೆಚ್ಚುಕಡಮೆ, ಮಡಕೆಚೂರುಗಳ ಮೇಲೆ ಹೆಸರು ಗೀಚಿ ಊರು ಬಿಡಿಸಿದರು. ಅವನು ಕೊನೆಗೆ ಆಶ್ರಯ ಪಡೆದದ್ದು ಕ್ಸರ್ಕ್ಸಿಸನ ಮಗನಲ್ಲಿ! ಲೆಕ್ಕ ಕೇಳುವ ಜನ ಕೃತಘ್ನರೂ ಆಗಬಲ್ಲರು. ಈಸ್ಕಿಲಸನಿಗೆ ಇದೆಲ್ಲ ಗೊತ್ತಿತ್ತು. ಆದರೂ ಲೆಕ್ಕ ಕೇಳುವವರೇ ಇಲ್ಲದ ನಾಡಿನ ಗತಿಯನ್ನೇ ಅವನು ಹೆಚ್ಚು ಭಯಂಕರವೆಂದು ಬಗೆದ.

ನಾಟಕದ ನಡುವೆ ಒಂದು ಅಪೂರ್ವ ದೃಶ್ಯವಿದೆ. ಸೋಲಿನ ಸುದ್ದಿ ಕೇಳಿದ ರಾಣಿ ಗಂಡನ ಗೋರಿಗೆ ತರ್ಪಣ ಬಿಡುತ್ತಾಳೆ. ಮುದುಕರು ಹಾಡಿ ಕರೆಯುತ್ತಾರೆ. ಗತಿಸಿದ ಡೇರಿಯಸನ ಪ್ರೇತ ಎದ್ದುಬರುತ್ತದೆ. ಏನಾಯಿತೆಂದು ಅದು ಕೇಳಿದಾಗ ಕರೆದ ಮುದುಕರಿಗೇ ಬಾಯಿ ಬರುವುದಿಲ್ಲ. ಹಳೆಯ ಭಯ ನಾಲಗೆಯನ್ನು ಕಟ್ಟುತ್ತದೆ. ಸತ್ತ ಅರಸನ ಮುಂದೆಯೂ ನಿಜ ಹೇಳಲಾರದ ಮಂತ್ರಿಗಳು ಬದುಕಿದ್ದ ಅರಸನಿಗೆ ಏನು ಬುದ್ಧಿ ಹೇಳಿಯಾರು? ಕೊನೆಗೆ ಹೇಳುವವಳು ರಾಣಿಯೇ. ಮಗ ಕೆಟ್ಟವರ ಸಹವಾಸಕ್ಕೆ ಬಿದ್ದನೆಂದೂ, ತಂದೆ ಈಟಿಯಿಂದ ಗಳಿಸಿದ, ನೀನು ಮನೆಯಲ್ಲಿ ಕುಳಿತಿರುವೆ ಎಂದು ಅವರು ಹಂಗಿಸಿದ್ದರಿಂದಲೇ ದಂಡೆತ್ತಿ ಹೋದನೆಂದೂ ತಿಳಿಸುತ್ತಾಳೆ. ದೊಡ್ಡ ತಂದೆಯ ಮಗನಾಗಿ ಹುಟ್ಟಿದವನ ಸಂಕಟವನ್ನು ಇಷ್ಟು ಚಿಕ್ಕದಾಗಿ ಹೇಳಿದವರು ಕಡಮೆ.

ಡೇರಿಯಸನ ಪ್ರೇತ ಮಗನ ಹಮ್ಮನ್ನು ಖಂಡಿಸುತ್ತದೆ. ಹೆಲೆಸ್ಪಾಂಟ್ ಜಲಸಂಧಿಗೆ ಸೇತುವೆ ಬಿಗಿದು ಸಮುದ್ರದೇವತೆಯನ್ನೇ ಬಂಧಿಸಹೊರಟದ್ದು ಮಹಾಪರಾಧ ಎನ್ನುತ್ತದೆ. ಇತಿಹಾಸ ಓದಿದವರಿಗೆ ಇಲ್ಲಿ ಸ್ವಲ್ಪ ನಗು ಬರುವುದು ಸಹಜ. ಇದೇ ಡೇರಿಯಸ್ ಸಿಥಿಯನ್ನರ ಮೇಲೆ ಹೋಗುವಾಗ ಬಾಸ್ಪೊರಸ್ ಜಲಸಂಧಿಗೆ ದೋಣಿಗಳ ಸೇತುವೆ ಕಟ್ಟಿಸಿದ್ದ. ಮ್ಯಾರಥಾನಿಗೆ ಸೈನ್ಯ ಕಳಿಸಿದವನೂ ಅವನೇ. ಆದರೆ ಪ್ರೇತ ಅದರ ಸುದ್ದಿ ಎತ್ತುವುದಿಲ್ಲ. ಕವಿ ಇತಿಹಾಸವನ್ನು ಬೇಕೆಂದೇ ಬಾಗಿಸಿದ್ದಾನೆ. ತಂದೆಯನ್ನೂ ಮಗನನ್ನೂ ಒಂದೇ ಬಣ್ಣದಲ್ಲಿ ಬಳಿದಿದ್ದರೆ ಪಾರಸಿಕರೆಲ್ಲ ಹುಟ್ಟಾ ದುರುಳರೆಂಬ ಅಗ್ಗದ ನಾಟಕವಾಗುತ್ತಿತ್ತು. ವಿವೇಕಿಯಾದ ಅರಸನೂ ಆ ನಾಡಿನಲ್ಲಿ ಆಗಿಹೋದನೆಂದು ತೋರಿಸಿದ್ದರಿಂದ ದೋಷ ಜನಾಂಗದ ರಕ್ತದಲ್ಲಿಲ್ಲ, ಅಂಕೆಯಿಲ್ಲದ ಅಧಿಕಾರದಲ್ಲಿದೆ ಎಂದಾಯಿತು. ಈ ನಾಟಕವನ್ನು ಪೌರ್ವಾತ್ಯರ ಮೇಲಿನ ಪಾಶ್ಚಾತ್ಯರ ತಿರಸ್ಕಾರದ ಮೊದಲ ಪಾಠವೆಂದು ಓದುವವರಿದ್ದಾರೆ. ಭೋಗ, ಅಡ್ಡಬೀಳುವಿಕೆ, ಅಳು ಇವುಗಳನ್ನು ಕವಿ ಧಾರಾಳವಾಗಿ ಬಳಸಿರುವುದರಿಂದ ಆ ಮಾತಿನಲ್ಲಿ ಸತ್ಯಾಂಶವಿದೆ. ಪೂರ್ತಿ ಸತ್ಯವೆಂದು ಮಾತ್ರ ನಾನು ಒಪ್ಪಲಾರೆ.

ಕೊನೆಯಲ್ಲಿ ಕ್ಸರ್ಕ್ಸಿಸ್ ಹರಕು ಬಟ್ಟೆಯಲ್ಲಿ ಬರುತ್ತಾನೆ. ಉಳಿದಿರುವುದು ಒಂದು ಬತ್ತಳಿಕೆ. ಇಷ್ಟು ಹೊತ್ತೂ ಬಾಯಿ ಕಟ್ಟಿದ್ದ ಮುದುಕರು ಈಗ ಬಾಯಿ ಬಿಡುತ್ತಾರೆ. ಒಬ್ಬೊಬ್ಬ ಸರದಾರನ ಹೆಸರು ಹಿಡಿದು, ಅವನೆಲ್ಲಿ, ಇವನೆಲ್ಲಿ, ಎಲ್ಲಿ ಬಿಟ್ಟುಬಂದೆ ಎಂದು ಕೇಳುತ್ತಾರೆ. ಅರಸ ಒಂದೊಂದಕ್ಕೂ ಉತ್ತರ ಕೊಡುತ್ತಾನೆ: ಸಲಾಮಿಸಿನ ದಡಕ್ಕೆ ಅಪ್ಪಳಿಸಿ ಹೋದರು, ಎಲ್ಲರೂ ಹೋದರು. ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂದು ತಾಯಿ ಹೇಳಿದ್ದ ಮಗ ಇಲ್ಲಿ ಹೆಣಗಳ ಲೆಕ್ಕ ಒಪ್ಪಿಸುತ್ತಿದ್ದಾನೆ! ಆದರೆ ಆ ಪ್ರಶ್ನೋತ್ತರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಳಿರಿ, ಎದೆ ಬಡಿದುಕೊಳ್ಳಿರಿ, ಗಡ್ಡ ಕಿತ್ತುಕೊಳ್ಳಿರಿ ಎಂದು ಅರಸ ಆಜ್ಞೆ ಮಾಡತೊಡಗುತ್ತಾನೆ, ಮುದುಕರು ಹಾಗೆಯೇ ಮಾಡುತ್ತಾರೆ. ವಿಚಾರಣೆ ಗೋಳಾಟವಾಗಿ ಕರಗುತ್ತದೆ. ನಿಜವಾದ ಕ್ಸರ್ಕ್ಸಿಸನೂ ಸಿಂಹಾಸನ ಬಿಡಲಿಲ್ಲ. 465ರಲ್ಲಿ ಅರಮನೆಯ ಒಳಸಂಚಿಗೆ ಬಲಿಯಾಗುವವರೆಗೆ ಆಳಿದ. ಕೇಳುವ ಕ್ರಮವಿಲ್ಲದ ಕಡೆ ಉಳಿಯುವ ಮಾರ್ಗ ಕಠಾರಿಯೊಂದೇ ಏನೋ.

ನಾಟಕಕ್ಕೆ ಅಂದು ಮೊದಲ ಬಹುಮಾನ ಬಂತು. ಮೇಳದ ಖರ್ಚು ಹೊತ್ತಿದ್ದವನು ಆಗಿನ್ನೂ ಇಪ್ಪತ್ತರ ಆಚೀಚಿನ ತರುಣ, ಅವನೇ ಪೆರಿಕ್ಲಿಸ್. ಮುಂದೆ ಅಥೆನ್ಸಿನ ಸುವರ್ಣಯುಗಕ್ಕೆ ಹೆಸರಾದವನು. ಅವನೂ 430ರಲ್ಲಿ ಜನರ ಕೋಪಕ್ಕೆ ಸಿಕ್ಕಿ ಅಧಿಕಾರ ಕಳೆದುಕೊಂಡು ದಂಡ ತೆತ್ತ. ಮತ್ತೆ ಅದೇ ಜನ ಅವನನ್ನು ಆರಿಸಿದರು. ಆದರೆ ಊರಿನೊಳಗೆ ಇಷ್ಟು ನಿಷ್ಠುರವಾಗಿ ಲೆಕ್ಕ ಕೇಳಿದ ಜನ, ಊರಿನ ಹೊರಗೆ ತಾವೇ ಲೆಕ್ಕ ಒಪ್ಪಿಸದ ಅರಸರಾದರು. ಪಾರಸಿಕರ ವಿರುದ್ಧ ಕಟ್ಟಿದ ಮಿತ್ರಕೂಟದ ಬೊಕ್ಕಸವನ್ನು 454ರಲ್ಲಿ ತಮ್ಮ ಊರಿಗೆ ತಂದುಕೊಂಡರು. ಬಿಟ್ಟುಹೋಗುತ್ತೇವೆಂದ ದ್ವೀಪಗಳನ್ನು ಬಡಿದು ಕೂರಿಸಿದರು. 416ರಲ್ಲಿ, ಯಾರ ಕೂಟಕ್ಕೂ ಸೇರದೆ ಇರುತ್ತೇವೆಂದ ಮೆಲೋಸಿನ ಗಂಡಸರನ್ನು ಕೊಂದು ಹೆಂಗಸರು ಮಕ್ಕಳನ್ನು ಮಾರಿದರು.

ಮರುವರ್ಷ ಸಿಸಿಲಿಯ ಸಿರಕ್ಯೂಸಿನ ಮೇಲೆ ದೊಡ್ಡ ನೌಕಾಪಡೆ ಹೊರಟಿತು. ಹಿಂದೆ ಅಲ್ಲಿಯ ಸರ್ವಾಧಿಕಾರಿ ಹೈರಾನ್ ಈಸ್ಕಿಲಸನನ್ನು ಕರೆಸಿಕೊಂಡು ‘ಪಾರಸಿಕರು’ ನಾಟಕವನ್ನು ಮತ್ತೊಮ್ಮೆ ಆಡಿಸಿದನೆಂದು ಪ್ರತೀತಿ. ಅದೇ ಊರಿನ ಬಂದರಿನ ಇಕ್ಕಟ್ಟಿನಲ್ಲಿ, ಸಲಾಮಿಸಿನಲ್ಲಿ ಪಾರಸಿಕರ ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆದಂತೆಯೇ, 413ರಲ್ಲಿ ಅಥೆನ್ಸಿನ ಹಡಗುಗಳು ನಾಶವಾದವು. ಸುದ್ದಿ ಬಂದಾಗ ಜನ ದಂಡಯಾತ್ರೆಗೆ ಪ್ರೋತ್ಸಾಹಿಸಿದ ಭಾಷಣಕಾರರ ಮೇಲೆ ಸಿಟ್ಟಿಗೆದ್ದರಂತೆ, ತಾವೇ ಕೈಯೆತ್ತಿರಲಿಲ್ಲವೋ ಎಂಬ ಹಾಗೆ. ಈ ಕುಟುಕು ನನ್ನದಲ್ಲ, ಇತಿಹಾಸಕಾರ ಥೂಸಿಡೈಡಿಸನದು.

ಆಮೇಲೆ ಅವರು ಹತ್ತು ಜನ ವೃದ್ಧರ ಸಲಹಾಮಂಡಲಿಯನ್ನು ನೇಮಿಸಿದರು. ಆ ಮಂಡಲಿಯ ಒಬ್ಬ ಸೊಫೋಕ್ಲಿಸನ ವಿಷಯವಾಗಿ ಅರಿಸ್ಟಾಟಲ್ ಒಂದು ಪ್ರಸಂಗ ಹೇಳುತ್ತಾನೆ. ಅವನು ನಾಟಕಕಾರ ಸೊಫೋಕ್ಲಿಸನೇ ಎಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಆಗ ಅವನಿಗೆ ಎಂಬತ್ತು ದಾಟಿತ್ತು. 411ರಲ್ಲಿ ಪ್ರಜಾಸಭೆಯನ್ನು ಬದಿಗೊತ್ತಿ ನಾನೂರು ಜನರ ಕೈಗೆ ಆಡಳಿತ ಕೊಡುವುದಕ್ಕೆ ಈ ಮಂಡಲಿ ಒಪ್ಪಿಗೆ ಕೊಟ್ಟಿತ್ತು. ನೀನೂ ಒಪ್ಪಿದೆಯಾ ಎಂದು ಪಿಸ್ಯಾಂಡರ್ ಎಂಬುವನು ಕೇಳಿದ. ಹೌದೆಂದ. ಅದು ಕೆಟ್ಟ ಕೆಲಸವೆಂದು ನಿನಗೆ ತೋರಲಿಲ್ಲವೇ? ತೋರಿತೆಂದ. ಹಾಗಾದರೆ ಕೆಟ್ಟ ಕೆಲಸ ಮಾಡಿದೆಯಲ್ಲವೇ? ಹೌದು, ಅದಕ್ಕಿಂತ ಒಳ್ಳೆಯದು ಆಗ ಕಾಣಲಿಲ್ಲ ಎಂದು ಮುದುಕ ಉತ್ತರ ಕೊಟ್ಟ.