ಮುದ್ರಿಕೆಗೆ ದಕ್ಕದ ಮೇಳ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ತತ್ವಪದ ಗಾಯನ

ಉತ್ತರ ಕರ್ನಾಟಕದ ಧ್ವನಿಮುದ್ರಿಕೆಗಳ ಚರಿತ್ರೆ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರರಂಥವರ ಮೂಲಕ ಹುಬ್ಬಳ್ಳಿ-ಧಾರವಾಡದ ಸುತ್ತಲೇ ಬೆಳೆಯುತ್ತದೆ. ಅದರಲ್ಲಿ ತಕರಾರಿಲ್ಲ. ತಕರಾರಿರುವುದು ರಾಯಚೂರು ಸೀಮೆಯ ಗೈರುಹಾಜರಿಗೆ ಕೊಡುವ ಕಾರಣದಲ್ಲಿ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಗೆ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯೂ ಗಡಿಯಾಚೆಯದು. ಆದ್ದರಿಂದ ಇಲ್ಲಿನ ಹಾಡು ಮುದ್ರಣವಾಗಲಿಲ್ಲ ಎನ್ನುತ್ತಾರೆ.

ಈ ವಿವರಣೆ ಸಾಲದು. ಗಡಿ ಕಲಾವಿದರನ್ನು ತಡೆಯಲಿಲ್ಲ. ರಾಯಚೂರು ಜಿಲ್ಲೆಯ ಸಿದ್ದರಾಮ ಜಂಬಲದಿನ್ನಿಯವರು ಪಂಚಾಕ್ಷರಿ ಗವಾಯಿಗಳ ಶಿಷ್ಯರಾಗಿ ವಚನಗಾಯನದಲ್ಲಿ ಹೆಸರಾದರು. ಅದೇ ಜಿಲ್ಲೆಯ ಚೀಕಲಪರವಿಯ ಹರಿದಾಸ ವಿಜಯದಾಸರ ಕೃತಿಗಳನ್ನು ಭೀಮಸೇನ ಜೋಶಿಯವರು ಹಾಡಿ ಮನೆಮನೆಗೆ ಮುಟ್ಟಿಸಿದರು. ಮುದ್ರಿಕೆಗೆ ದಕ್ಕದೆ ಉಳಿದದ್ದು ಒಟ್ಟಾಗಿ ಹಾಡುವ ಮೇಳ.

ಅದಕ್ಕೆ ಧ್ವನಿಮುದ್ರಣ ಮಾಧ್ಯಮದ ಅಳತೆಯೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. 78 ಸುತ್ತಿನ ಹತ್ತಿಂಚಿನ ಗಾನತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷದ ಹಾಡು ಹಿಡಿಯುತ್ತಿತ್ತು. ಒಬ್ಬ ಗಾಯಕ, ಹಾರ್ಮೋನಿಯಂ, ತಬಲಾ, ಒಂದು ಪದ ಅದಕ್ಕೆ ಒಗ್ಗುತ್ತಿತ್ತು. ರಾಯಚೂರು ಸೀಮೆಯ ಸಿಂಧನೂರು, ಮಸ್ಕಿಯ ಹಳ್ಳಿಗಳಲ್ಲಿ ತತ್ವಪದ ಹಾಡುವ ಅಹೋರಾತ್ರಿ ಭಜನೆಯ ನಡೆ ಬೇರೆ. ಮುಂದಾಳು ಸೊಲ್ಲು ಎತ್ತುತ್ತಾನೆ, ಮೇಳದವರು ಅದನ್ನೇ ಮತ್ತೆ ಮತ್ತೆ ಹಿಡಿಯುತ್ತಾರೆ, ತಾಳ-ದಮ್ಮಡಿಯ ಗತಿ ಮೆಲ್ಲಗೆ ಏರುತ್ತದೆ. ತತ್ವಪದದ ಅರ್ಥ ಬಲಿಯುವುದೇ ಆ ಮರುಕಳಿಕೆಯಲ್ಲಿ. ಮೊಹರಂ ಹಾಡಿಕೆಯೂ ಹೀಗೆಯೇ ತಟ್ಟೆಗೆ ಒಗ್ಗದು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಮೊಹರಂಗೆ ಹೆಸರಾದ ಊರು. ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳ ಲಯ ಕುಣಿತದ ಹೆಜ್ಜೆಯಲ್ಲಿದೆ. ಹಾಡುವವರನ್ನು ಮೈಕಿನ ಮುಂದೆ ನಿಲ್ಲಿಸಿದರೆ ಪದ ಸಿಕ್ಕೀತು, ಲಯ ಸಿಗದು.

ಈ ವಾದವನ್ನು ಹಿಗ್ಗಿಸಬಾರದು. ದೂರ, ಬಡತನ, ಮಾರುಕಟ್ಟೆಯ ಲೆಕ್ಕ ಎಲ್ಲಕ್ಕೂ ಇದರಲ್ಲಿ ಪಾಲಿದೆ. ಲಾಂಗ್‌ಪ್ಲೇ ತಟ್ಟೆ ಮಗ್ಗುಲಿಗೆ 20 ನಿಮಿಷ ಕೊಟ್ಟ ಮೇಲೂ ಮೇಳಗಳು ಏಕೆ ಒಳಬರಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಷ್ಟು ಹೊತ್ತಿಗೆ ಒಂಟಿ ಕಂಠವನ್ನೇ ಸಂಗೀತವೆಂದು ಕೇಳುವ ರೂಢಿ ಬೇರೂರಿತ್ತು ಎಂಬುದು, ಬಹುಮಟ್ಟಿಗೆ ಊಹೆಯಾದರೂ, ನನ್ನ ಉತ್ತರ.

ಕ್ಯಾಸೆಟ್ಟು ಈ ಚಿತ್ರವನ್ನು ಬದಲಿಸಿತು. ಮಗ್ಗುಲಿಗೆ 30 ನಿಮಿಷ. ಯಂತ್ರ ಊರವರ ಕೈಯಲ್ಲೇ, ಹಾಗಾಗಿ ಮೇಳದ ಹಾಡೂ ಟೇಪಿಗೆ ಬಂತು. 1915ರಲ್ಲಿ ಸಿಕ್ಕ ಅಶೋಕನ ಶಾಸನದಿಂದ ಮಸ್ಕಿಯನ್ನು ವಿದ್ವಾಂಸರೆಲ್ಲ ಬಲ್ಲರು. ಈ ಟೇಪುಗಳಿಗೂ ಅಂಥದೇ ಗಮನ ಸಲ್ಲಬೇಕು. ಕ್ಯಾಸೆಟ್ಟಿನ ಅಳತೆ ಭಜನೆಯ ನಡಿಗೆಯನ್ನೂ ತಿದ್ದಿತೇ ಎಂಬ ಪ್ರಶ್ನೆ ಇನ್ನೂ ತೆರೆದೇ ಇದೆ. ಟೇಪುಗಳನ್ನು ಉಳಿಸಿಕೊಂಡಿರುವ ಮನೆ-ಮಠಗಳವರು ಬೂಸ್ಟು ಹಿಡಿಯುವ ಮುನ್ನ ಅವುಗಳ ಪ್ರತಿ ತೆಗೆಸಬೇಕು. ಹಾಡಿದವರ ಹೆಸರು, ಊರು, ವರ್ಷವನ್ನು ಪೆಟ್ಟಿಗೆಯ ಮೇಲೆ ಬರೆದಿಡಬೇಕು.