ಮುಚ್ಚಿದ ಪುಟ ಮತ್ತೆ ಬಪ್ಪದು ಎಂತಕ್ಕೆ?

ಮೊನ್ನೆ ಅತ್ತಿಗೆ ಬಂದು ಕೇಳ್ತು, "ರಾತ್ರಿ ಕಂಪ್ಯೂಟರ್ ಆಫ್ ಮಾಡೇ ಮಲಗಿದ್ದಿ ಮಾರಾಯ್ತಿ. ಬೆಳಗ್ಗೆ ಹಾಕಿರೆ ನಿನ್ನೆ ನೋಡಿದ ಅಪ್ಪೆಹುಳಿ, ಪಹಣಿ, ಮೇಲ್ ಎಲ್ಲಾ ಹಂಗೇ ಕುಂತಿದ್ದು! ಯಾರಾರು ಮುಟ್ಟಿದ್ವನ?"

ಯಾರೂ ಮುಟ್ಟಿದ್ದಿಲ್ಲೆ. ಇದಕ್ಕೊಂದು ಸಣ್ಣ ಚರಿತ್ರೆ ಇದ್ದು.

ಮುಂಚೆ ಸುಮಾರು ಬ್ರೌಸರಿನಲ್ಲಿ ಒಂದು ಕಿಟಕಿಗೆ ಒಂದೇ ಪುಟ. 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 1.0 ಬಂದಮೇಲೆ ಒಂದೇ ಕಿಟಕಿಲಿ ಹತ್ತಾರು ಟ್ಯಾಬ್ ಸಾಲಾಗಿ ಇಟ್ಕಂಬದು ಜನಕ್ಕೆ ರೂಢಿ ಆತು. ಆದರೆ ಪುಟ ಹೆಚ್ಚಾದಷ್ಟೂ ನಷ್ಟವೂ ಹೆಚ್ಚು. ಒಂದು ಪುಟ ಕೆಟ್ಟರೆ ಇಡೀ ಬ್ರೌಸರ್ ಬೀಳ್ತಿತ್ತು. ಕರೆಂಟ್ ಹೋದರೂ ಅಷ್ಟೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಕರೆಂಟು ದೂರದ ಊರಿಗೆಲ್ಲಾ ಹೋತು. ಆದರೆ ಮಳೆಗಾಲದಲ್ಲಿ ತಂತಿಮೇಲೆ ಮರ ಬಿದ್ದು ಕತ್ತಲೆಲಿ ಕೂಪದು ಯಂಗಕ್ಕೆ ತಪ್ಪಿದ್ದಿಲ್ಲೆ! ಮಗಳ ಕಾಲೇಜಿನ ಅರ್ಜಿ ತುಂಬ್ತಾ ಇದ್ದಾಗ ಹಿಂಗೇ ಆಗಿ, ಹುಡುಕಿ ಇಟ್ಟ ಪುಟವೆಲ್ಲ ಹೋಗಿ, ಅವತ್ತು ಇಬ್ಬರೂ ಅತ್ತಿದ್ಯ.

2006ರ ಅಕ್ಟೋಬರಿನಲ್ಲಿ ಬಂದ ಫೈರ್‌ಫಾಕ್ಸ್ 2 ಇದಕ್ಕೆ ಮದ್ದು ತಂತು. ತೆರೆದ ಪುಟಗಳ ಪಟ್ಟಿಯನ್ನು ಕೆಲವು ಸೆಕೆಂಡಿಗೊಮ್ಮೆ ಡಿಸ್ಕಿನಲ್ಲಿ ಬರೆದಿಡ್ತು. ಬಿದ್ದು ಎದ್ದಮೇಲೆ ಅದನ್ನೇ ಓದಿ ಪುಟಗಳನ್ನು ಮತ್ತೆ ತರಿಸ್ತು. ಅಡಕೆ ಸುಲಿಯುವಾಗ ಅಮ್ಮ ಒಂದೊಂದು ಡಬ್ಬ ತುಂಬಿದಾಗಲೂ ಗೋಡೆಮೇಲೆ ಇದ್ದಿಲಿನ ಗೀಟು ಎಳೀತಿತ್ತು. ದೀಪ ಆರಿದರೂ ಲೆಕ್ಕ ಹೋಗ್ತಿರಲಿಲ್ಲೆ. ಇದೂ ಹಂಗೇ. 2008ರ ಸೆಪ್ಟೆಂಬರಿನಲ್ಲಿ ಬಂದ ಕ್ರೋಮ್, ಟ್ಯಾಬುಗಳನ್ನು ಬೇರೆಬೇರೆಯಾಗಿ ಓಡಿಸಿ, ಒಂದು ಬಿದ್ದರೆ ಉಳಿದದ್ದು ಬೀಳದ ಹಂಗೆ ಮಾಡ್ತು. ಬಿದ್ದಾಗ ಎಬ್ಬಿಸಲೆ ಮಾಡಿದ ಉಪಾಯ ಬರ್ತಾಬರ್ತಾ "ಬಿಟ್ಟಲ್ಲಿಂದ ಮುಂದುವರಿಸು" ಅನ್ನೋ ದಿನದ ಅನುಕೂಲ ಆತು.

ಆದರೆ ಎರಡು ಮಾತು ನೆನಪಿಡಿ. ಒಂದು, ಬರೆದಿಡುವುದು ಮುಖ್ಯವಾಗಿ ಪುಟದ ವಿಳಾಸ. ಅರ್ಧ ತುಂಬಿದ ಅರ್ಜಿ ಪ್ರತಿಸಲವೂ ವಾಪಸ್ ಬತ್ತು ಹೇಳಿ ನಂಬಡಿ. ಎರಡು, ಪುಟದ ಜೊತೆಗೆ ನಿಂಗಳ ಲಾಗಿನ್ನೂ ವಾಪಸ್ ಬಪ್ಪಲೆ ಸಾಕು. ಬ್ಯಾಂಕಿನವು ಸ್ವಲ್ಪ ಹೊತ್ತಿಗೆ ತಾವೇ ಹೊರಹಾಕ್ತ. ಮೇಲ್ ಮಾತ್ರ ಹಂಗೇ ತೆರೆದಿರ್ತು. ಮನೆಮಂದಿಯೆಲ್ಲ ಮುಟ್ಟುವ ಕಂಪ್ಯೂಟರಾಗಲಿ, ಪೇಟೆಯ ಸೈಬರ್ ಸೆಂಟರಾಗಲಿ, ಕಿಟಕಿ ಮುಚ್ಚಿದರೆ ಸಾಲ, ಲಾಗ್‌ಔಟ್ ಮಾಡಿಯೇ ಏಳವು. ಬೇರೆಯವರ ಯಂತ್ರವಾದರೆ ಇನ್‌ಕಾಗ್ನಿಟೋ ಕಿಟಕಿ ಒಳ್ಳೆದು. ಅದರ ಪಟ್ಟಿ ಮುಂದಿನ ಸಲಕ್ಕೆ ಉಳಿಯದಿಲ್ಲೆ.

ಅತ್ತಿಗೆ ಮನೆಗೆ ಹೋದದ್ದೇ ಮೇಲ್ ಲಾಗ್‌ಔಟ್ ಮಾಡಿ ಫೋನ್ ಮಾಡ್ತು. ಅಪ್ಪೆಹುಳಿ ಪುಟ ಮಾತ್ರ ಹಂಗೇ ಇಟ್ಟಿದ್ದಡ.