ಹತ್ತಿಗೆ ಮೊದಲು, ಆಳಿಗೆ ಆಮೇಲೆ

ಅಣ್ಣಿಗೇರಿ ಸೀಮೆಯ ಎರೆಹೊಲದ ಹತ್ತಿಗೆ ಸರಕಾರದ ಕಾಯ್ದೆ ಬೇಗ ಬಂತು. ಅದರ ಕಾಳು ಬಿಡಿಸಿದವರಿಗೆ ಅರ್ಧ ಶತಮಾನ ತಡವಾಗಿ ಬಂತು. ಹತ್ತಿಯಲ್ಲಿ ಕಾಳು, ಕಸ ಬೆರೆಸುವುದನ್ನು ತಡೆಯಲು ಮುಂಬಯಿ ಸರಕಾರ ಕಾಯ್ದೆ ಮಾಡಿ ಇನ್‌ಸ್ಪೆಕ್ಟರುಗಳನ್ನು ನೇಮಿಸಿದ್ದು 1863ರಲ್ಲಿ. ಆಗ ಧಾರವಾಡ ಜಿಲ್ಲೆಯ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರವಿ, ಅಂಗಾಲಿಗೆ ಕಟ್ಟಿಗೆಯ ಅಟ್ಟೆ ಕಟ್ಟಿಕೊಂಡು, ಕಬ್ಬಿಣದ ಸಲಾಕೆಯನ್ನು ಕಾಲಿನಿಂದಲೇ ಉರುಳಿಸಿ ಕಾಳು ಬೇರ್ಪಡಿಸುತ್ತಿದ್ದರು. ನೋಡಿ ಕಲಿಯುವುದೇ ಅದರ ತರಬೇತಿ. 1880ರ ದಶಕದಲ್ಲಿ ಹುಬ್ಬಳ್ಳಿ–ಗದಗ ರೈಲು ಅಣ್ಣಿಗೇರಿಯ ಮೇಲೆ ಹಾದುಹೋಯಿತು, ಈ ಭಾಗದಲ್ಲಿ ಕಾಳು ಬಿಡಿಸುವ ಉಗಿಯಂತ್ರದ ಜಿನ್ನುಗಳು ಬೇರೂರಿದವು. ಆದರೆ 1881ರ ಕಾರ್ಖಾನೆ ಕಾಯ್ದೆ ವರ್ಷಕ್ಕೆ ನಾಲ್ಕು ತಿಂಗಳೂ ನಡೆಯದ ಕಾರ್ಖಾನೆಗಳನ್ನು ಕೈಬಿಟ್ಟಿತ್ತು. ಹತ್ತಿ ಬಿಡಿಸಿದ ಮೇಲಷ್ಟೇ ತಿರುಗುವ ಜಿನ್ನಿಗೆ ಇದಕ್ಕಿಂತ ಅನುಕೂಲ ಬೇಕೆ? ಆ ಬಾಗಿಲು ಮುಚ್ಚಿದ್ದು 1911ರಲ್ಲಿ. 1925ರ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾಯ್ದೆ ಪ್ರತಿ ಅಂಡಿಗೆಗೂ ಪ್ರೆಸ್ಸಿನ ಗುರುತು, ಕ್ರಮಸಂಖ್ಯೆ ಇರಬೇಕೆಂದಿತು. 1934ರ ಕಾರ್ಖಾನೆ ಕಾಯ್ದೆಯಾದರೋ ಹಂಗಾಮಿ ಕಾರ್ಖಾನೆಯ ಆಳನ್ನು ವಾರಕ್ಕೆ 60 ತಾಸು ದುಡಿಸಲು ಬಿಟ್ಟಿತು. ವರ್ಷವಿಡೀ ನಡೆಯುವ ಕಾರ್ಖಾನೆಗೆ ಮಿತಿ 54 ತಾಸು.

1948ರ ಕಾರ್ಖಾನೆ ಕಾಯ್ದೆ ಈ ಭೇದ ಅಳಿಸಿತು. ಅದೇ ವರ್ಷದ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಮಾತ್ರ ಹಂಗಾಮಿ ಕಾರ್ಖಾನೆಗಳನ್ನು ಹೊರಗಿಟ್ಟಿತು. ಹಂಗಾಮಿ ಎಂದರೆ ಯಾವುದು ಎಂದು ಅದು ಕೊಟ್ಟ ಪಟ್ಟಿಯ ಮೊದಲ ಹೆಸರೇ ಹತ್ತಿ ಜಿನ್ನಿಂಗ್. ಕೆಲಸ ಮೂರು-ನಾಲ್ಕು ತಿಂಗಳದ್ದು, ಆಮೇಲೆ ಆಳು ಹೊಲಕ್ಕೆ ಹೋಗುತ್ತಾನೆ, ಅವನ ವಂತಿಗೆ ಯಾರು ಕಟ್ಟಬೇಕು ಎಂಬ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ. ಸಣ್ಣ ಮಾಲೀಕನಿಗೆ ಕಾಗದಪತ್ರವೂ ಹೊರೆಯೇ. ಆದರೆ 1972ರ ಗ್ರಾಚ್ಯುಟಿ ಕಾಯ್ದೆ ಇದೇ ಗಂಟನ್ನು ಬಿಡಿಸಿತ್ತು: ಹಂಗಾಮಿ ಕಾರ್ಖಾನೆಯಲ್ಲಿ ಒಂದು ಹಂಗಾಮಿಗೆ ಏಳು ದಿನದ ಪಗಾರ. ಹಂಗಾಮನ್ನು ಲೆಕ್ಕಕ್ಕೆ ಹಿಡಿಯಲು ಕಾನೂನಿಗೆ ಬರುತ್ತದೆ ಎಂದಾಯಿತು. ಗಾಯವಾದರೆ 1923ರ ಪರಿಹಾರ ಕಾಯ್ದೆ ಇತ್ತಲ್ಲ ಎನ್ನುವವರೂ ಉಂಟು. ಪರಿಹಾರ ಕೇಳಬೇಕಾದರೆ ತಾನು ಅಲ್ಲಿ ದುಡಿದೆ ಎಂದು ಮೊದಲು ತೋರಿಸಬೇಕು. ಆಳು ಒದಗಿಸುವ ಮುಕಾದಮನ ಬಾಯಿಮಾತಿನ ಮೇಲೆ ಸೇರಿದವಳು ಏನು ತೋರಿಸಿಯಾಳು? ಅಂಡಿಗೆಗೆ ಕ್ರಮಸಂಖ್ಯೆ ಕೊಡಿಸಿದ ಮೇಲೆ ಸುಮಾರು ಒಂದು ಶತಮಾನ ಕಳೆದು, 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿತು. ಅದೇ ವರ್ಷದ ಸಾಮಾಜಿಕ ಭದ್ರತಾ ಸಂಹಿತೆ ಹಂಗಾಮಿ ಕಾರ್ಖಾನೆಯನ್ನು ರಾಜ್ಯ ವಿಮೆಯ ಆಚೆಗೇ ಉಳಿಸಿದೆ.